ರೀಆಕ್ಟಿವೇಶನ್: ಒಳಗಿದ್ದ ವೈರಸ್ ಮತ್ತೆ ಏಳುವುದು

ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೈಮೇಲೇ ತಿರುಗುವ ರುಮಟಾಯ್ಡ್ ಸಂಧಿವಾತ, ಲೂಪಸ್‌ನಂಥ ಕಾಯಿಲೆಗಳಿಗೆ ಔಷಧ ತೆಗೆದುಕೊಳ್ಳುತ್ತಿರುವವರಿಗೆ ಸರ್ಪಸುತ್ತು ಎದ್ದರೆ ಮನೆಯವರು ಕೇಳುವ ಮೊದಲ ಪ್ರಶ್ನೆ ‘ಯಾರಿಂದ ಅಂಟಿತು?’. ಆರೋಗ್ಯದ ಬರಹಗಳಲ್ಲೂ ‘ಸರ್ಪಸುತ್ತಿನ ಸೋಂಕು ತಗುಲಿತು’ ಎಂದೇ ಮತ್ತೆ ಮತ್ತೆ ಕಾಣುತ್ತದೆ. ಯಾರಿಂದಲೂ ಅಂಟಿದ್ದಲ್ಲ. ಇದು ರೀಆಕ್ಟಿವೇಶನ್: ಹಿಂದೆಂದೋ ದೇಹ ಹೊಕ್ಕು, ಕಾಯಿಲೆ ವಾಸಿಯಾದ ಮೇಲೂ ಒಳಗೇ ಉಳಿದ ವೈರಸ್ ಮತ್ತೆ ಬೆಳೆಯತೊಡಗುವುದು.

ಚಿಕ್ಕಂದಿನಲ್ಲಿ ‘ಅಮ್ಮ’ ಎದ್ದು ಹೋಗಿರುತ್ತದಲ್ಲ, ಆ ಸೀತಾಳೆ ಸಿಡುಬಿನ ವೈರಸ್ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಜೀವಮಾನವಿಡೀ ಇರುತ್ತದೆ. ಅದನ್ನು ಅಲ್ಲೇ ಅದುಮಿಡುವ ಕೆಲಸ ಮುಖ್ಯವಾಗಿ ಟಿ ಕೋಶಗಳೆಂಬ ಬಿಳಿ ರಕ್ತಕಣಗಳದ್ದು. ರೋಗನಿರೋಧಕತೆಯನ್ನು ತಗ್ಗಿಸುವ ಔಷಧಗಳಿಂದ ಆ ಹಿಡಿತ ಸಡಿಲವಾದಾಗ ವೈರಸ್ ಒಂದು ನರದ ಗುಂಟ ಚರ್ಮಕ್ಕಿಳಿಯುತ್ತದೆ; ಮೈಯ ಒಂದೇ ಪಕ್ಕದಲ್ಲಿ ಗುಳ್ಳೆಗಳು ಪಟ್ಟಿಯಾಗಿ ಏಳುವುದು ಅದಕ್ಕೇ. ಸುತ್ತು ಪೂರ್ತಿಯಾದರೆ ಸಾವು ಎಂಬ ಭಯಕ್ಕೆ ಆಧಾರವಿಲ್ಲ. ಆದರೆ ಪಟ್ಟಿಯನ್ನು ಮೀರಿ ಮೈಯೆಲ್ಲ ಗುಳ್ಳೆ ಕಂಡರೆ, ಅಥವಾ ಮೂಗಿನ ತುದಿಯಲ್ಲೋ ಕಣ್ಣಿನ ಸುತ್ತಲೋ ಎದ್ದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಅಂಟುವ ಮಾತು ಹೊಂದುವುದು ಇನ್ನೊಂದು ದಿಕ್ಕಿನಲ್ಲಿ. ಗುಳ್ಳೆಯ ನೀರಿನಿಂದ, ಹಿಂದೆ ಸೀತಾಳೆ ಸಿಡುಬು ಆಗದ, ಅದರ ಲಸಿಕೆಯೂ ಆಗದವರಿಗೆ ಆ ಸಿಡುಬು ಬರಬಹುದು, ಸರ್ಪಸುತ್ತು ಬರುವುದಿಲ್ಲ. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಮುಚ್ಚಿಟ್ಟುಕೊಂಡು, ಗರ್ಭಿಣಿಯರಿಂದಲೂ ಹಸುಗೂಸುಗಳಿಂದಲೂ ದೂರವಿರಬೇಕು.

ಪದ ತಪ್ಪಿದರೆ ಆಗುವ ನಷ್ಟ ಸಣ್ಣದಲ್ಲ. ‘ತಗುಲಿತು’ ಎಂದುಕೊಂಡವರು ಮಾಸ್ಕ್ ಹಾಕುತ್ತಾರೆ, ಜನರನ್ನು ದೂರವಿಡುತ್ತಾರೆ. ಫ್ಲೂಗೆ ಅದು ಸರಿ. ನರಗಂಟಿನಲ್ಲಿ ಕೂತ ವೈರಸ್‌ಗೆ ಮಾಸ್ಕ್ ಏನು ಮಾಡೀತು? ಅಲ್ಲಿ ಬೇಕಿರುವುದು ಲಸಿಕೆ. ಸರ್ಪಸುತ್ತಿನ ಲಸಿಕೆ ಶಿಂಗ್ರಿಕ್ಸ್‌ನಲ್ಲಿ ಜೀವಂತ ವೈರಸ್ ಇಲ್ಲ, ಹಾಗಾಗಿ ಔಷಧ ನಡೆಯುತ್ತಿರುವಾಗಲೂ ಕೊಡಬಹುದು. ಎರಡು ಡೋಸ್, ಸಾಮಾನ್ಯವಾಗಿ 2ರಿಂದ 6 ತಿಂಗಳ ಅಂತರ, ರೋಗನಿರೋಧಕತೆ ಕುಗ್ಗಿದವರಿಗೆ 1–2 ತಿಂಗಳಿಗೆ ಇಳಿಸಬಹುದು. ಟೊಫಾಸಿಟಿನಿಬ್‌ನಂಥ ‘ಜಾಕ್ ತಡೆ’ (ರೋಗನಿರೋಧಕ ಕೋಶಗಳೊಳಗಿನ ಜಾಕ್ ಎಂಬ ಕಿಣ್ವವನ್ನು ತಡೆಯುವ) ಮಾತ್ರೆಗಳಲ್ಲಿ ಸರ್ಪಸುತ್ತಿನ ಅಪಾಯ ಎದ್ದು ಕಾಣುವಷ್ಟು ಹೆಚ್ಚು. ಅವನ್ನು ಶುರುಮಾಡುವ ಮೊದಲೇ ಲಸಿಕೆ ಮುಗಿದಿದ್ದರೆ ಒಳ್ಳೆಯದು. ದಿನಾ 10 ಮಿ.ಗ್ರಾಂ. ಮೀರಿದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೂಡ ಅಪಾಯವನ್ನು ಏರಿಸುತ್ತದೆ. ಇದೇ ಕಾಯಿಲೆಗಳಿಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಈ ಸಾಲಿಗೆ ಸೇರುವುದೇ ಇಲ್ಲ, ಆದರೂ ಎಲ್ಲ ಮಾತ್ರೆಗಳನ್ನೂ ‘ಇಮ್ಯುನಿಟಿ ಕಡಿಮೆ ಮಾಡುವವು’ ಎಂದು ಒಂದೇ ಬುಟ್ಟಿಗೆ ಹಾಕುತ್ತಾರೆ.

ಗುಳ್ಳೆ ಎದ್ದೇಬಿಟ್ಟರೆ ಕೆಮ್ಮಣ್ಣು ಹಚ್ಚಿ ಕಾಯಬಾರದು. ವೈರಸ್ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ವಯಸ್ಕರಿಗೆ ರೂಢಿಯಲ್ಲಿರುವ ಪ್ರಮಾಣ ಅಸೈಕ್ಲೋವಿರ್ 800 ಮಿ.ಗ್ರಾಂ., ದಿನಕ್ಕೆ ಐದು ಸಲ, 7 ದಿನ. ಮೂತ್ರಪಿಂಡ ಸೋತಿದ್ದರೆ ವೈದ್ಯರು ಇಳಿಸುತ್ತಾರೆ. ಯಾವ ಔಷಧವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೆಂದು ಸಂಧಿವಾತದ ವೈದ್ಯರನ್ನೇ ಕೇಳಬೇಕು. ಬಹುದಿನದಿಂದ ನಡೆಯುತ್ತಿರುವ ಸ್ಟೀರಾಯ್ಡ್ ಅನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು.

ಹೀಗೆಯೇ ಒಳಗೆ ಉಳಿದು, ಸದ್ದಿಲ್ಲದೆ ಏಳುವ ಇನ್ನೊಂದು ವೈರಸ್ ಯಕೃತ್ತಿನ ಹೆಪಟೈಟಿಸ್ ಬಿ. ‘ಎಚ್‌ಬಿಎಸ್‌ಎಜಿ (ವೈರಸ್‌ನ ಹೊರಮೈ ಪ್ರೋಟೀನನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆ) ನೆಗೆಟಿವ್, ಚಿಂತೆಯಿಲ್ಲ’ ಎನ್ನುವುದು ಅರ್ಧ ಉತ್ತರ. ಆ ಪರೀಕ್ಷೆ ನೆಗೆಟಿವ್ ಇದ್ದರೂ ಯಕೃತ್ತಿನ ಕೋಶಗಳಲ್ಲಿ ವೈರಸ್‌ನ ಡಿಎನ್‌ಎ ಉಳಿದಿರಬಹುದು. ಹಳೆಯ ಸೋಂಕಿನ ಗುರುತು ಸಿಗುವುದು ಆಂಟಿ-ಎಚ್‌ಬಿಸಿ ಟೋಟಲ್ ಎಂಬ ಪ್ರತಿಕಾಯ ಪರೀಕ್ಷೆಯಲ್ಲಿ. ಬಿ ಕೋಶಗಳೆಂಬ ಬಿಳಿ ರಕ್ತಕಣಗಳನ್ನೇ ಅಳಿಸುವ ಸಂಧಿವಾತದ ಔಷಧ ರಿಟುಕ್ಸಿಮ್ಯಾಬ್‌ಗೆ ಮೊದಲು ಎರಡೂ ಪರೀಕ್ಷೆ ಆಗಲೇಬೇಕು. ಈ ಅಪಾಯದ ಕಾರಣಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಅದರ ಎಚ್ಚರಿಕೆಯನ್ನು ಬಿಗಿಗೊಳಿಸಿತು. ಆಂಟಿ-ಎಚ್‌ಬಿಸಿ ಪಾಸಿಟಿವ್ ಬಂದರೆ ಆ ವೈರಸ್ ತಡೆಯುವ ಎಂಟೆಕಾವಿರ್ ಅಥವಾ ಟೆನೋಫೋವಿರ್ ಮಾತ್ರೆ ಮೊದಲೇ ಆರಂಭಿಸಿ, ರಿಟುಕ್ಸಿಮ್ಯಾಬ್‌ನ ಕೊನೆಯ ಡೋಸ್ ಆದ ಮೇಲೂ ಕನಿಷ್ಠ 12 ತಿಂಗಳು ಮುಂದುವರಿಸುತ್ತಾರೆ. ಕೀಲುನೋವು ಹೋಯಿತೆಂದು ಆ ಮಾತ್ರೆಯನ್ನೂ ನಡುವೆ ಬಿಟ್ಟವರಲ್ಲಿ ವೈರಸ್ ತಿಂಗಳುಗಳ ನಂತರ ಎದ್ದು ಯಕೃತ್ತನ್ನು ಕೆಡಿಸಬಹುದು.