ಬಂಡೆಯ ತೇವ ನಂಬಿ ಬದುಕುವ ಬಸವನಹುಳು

ಜಲಪಾತಕ್ಕೆ ಹೋದವರು ನೀರು ಬೀಳುವುದನ್ನು ನೋಡುತ್ತಾರೆ. ನನ್ನ ಕೆಲಸ ಅದರ ಪಕ್ಕದ ಕಪ್ಪು ಬಂಡೆಯಲ್ಲಿ. ತುಂತುರು ಬಿದ್ದು ಸದಾ ಒದ್ದೆಯಾಗಿರುವ ಆ ಬಂಡೆಗೆ ಕಾಳಿನಷ್ಟು ಪುಟ್ಟ ಬಸವನಹುಳುಗಳು ಅಂಟಿಕೊಂಡಿರುತ್ತವೆ. ಇವು ಕ್ರೆಮ್ನೊಕಾಂಕಸ್ ಕುಲದವು. ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ.

ಇವುಗಳ ನೆಂಟರೆಲ್ಲ ಇರುವುದು ಕಡಲ ತೀರದಲ್ಲಿ. ಲಿಟೊರಿನಿಡೆ ಎಂಬ ಈ ಕುಟುಂಬದ ಹೆಚ್ಚಿನ ಹುಳುಗಳು ಅಲೆ ಸಿಡಿಯುವ ಬಂಡೆಗಳ ಮೇಲೆ ಬದುಕುತ್ತವೆ. ನಮ್ಮ ಕರಾವಳಿಯಲ್ಲೂ ಇವೆ. ಅದೇ ಕುಟುಂಬದ ಈ ಒಂದು ಕವಲು ಮಾತ್ರ ಸಿಹಿನೀರಿಗೆ ಒಗ್ಗಿ, 300ರಿಂದ 1400 ಮೀಟರ್ ಎತ್ತರದ ಘಟ್ಟದ ತೊರೆಗಳಲ್ಲಿ ನೆಲೆಸಿದೆ. ಇಷ್ಟು ಎತ್ತರಕ್ಕೆ ಬಂದರೂ ಒದ್ದೆ ಬಂಡೆಯ ಬದುಕನ್ನು ಬಿಟ್ಟಿಲ್ಲ. ನನಗೆ ಇವತ್ತಿಗೂ ಇದು ಬೆರಗಿನ ಸಂಗತಿ.

ಈ ಕುಲಕ್ಕೆ 1869ರಲ್ಲಿ ಹೆಸರಿಟ್ಟವರು ಬ್ರಿಟಿಷ್ ಭೂವಿಜ್ಞಾನಿ ಬ್ಲಾನ್‌ಫರ್ಡ್. ಬಹಳ ಕಾಲ ಮಹಾರಾಷ್ಟ್ರದ ಘಟ್ಟದ ಪ್ರಭೇದಗಳಷ್ಟೇ ಗೊತ್ತಿದ್ದವು. 2013ರಲ್ಲಿ ಸಂಶೋಧಕರಾದ ರೀಡ್, ಅರವಿಂದ್ ಮತ್ತು ಮಧ್ಯಸ್ಥ ಅವರು ಕರ್ನಾಟಕದ ಘಟ್ಟಗಳಿಂದ ಹೊಸ ಪ್ರಭೇದಗಳನ್ನು ವಿವರಿಸಿದರು. ಆಗುಂಬೆಯ ಹೆಸರು ಹೊತ್ತ ಅಗುಂಬೆನ್ಸಿಸ್ ಅವುಗಳಲ್ಲೊಂದು.

ಊಟ ಬಂಡೆ ಮೇಲಿನ ಪಾಚಿ. ಬಾಯೊಳಗೆ ಸಾಲು ಸಾಲು ಸಣ್ಣ ಹಲ್ಲುಗಳ ಪಟ್ಟಿಯಿದೆ. ತುರಿಮಣೆಯ ಹಾಗೆ ಪಾಚಿಯನ್ನು ಕೆರೆದು ತೆಗೆಯುತ್ತದೆ. ಗಂಡು ಹೆಣ್ಣು ಬೇರೆ ಬೇರೆ. ಚಿಪ್ಪಿನ ಬಾಯಿಗೊಂದು ಮುಚ್ಚಳವಿದೆ. ಮೈ ಒಳಗೆಳೆದುಕೊಂಡು ಮುಚ್ಚಿಕೊಂಡರೆ ತೇವ ಸ್ವಲ್ಪ ಹೊತ್ತು ಉಳಿಯುತ್ತದೆ, ಅಷ್ಟೇ. ಬಂಡೆ ಪೂರ್ತಿ ಒಣಗಿದರೆ ಈ ಹುಳು ಬೇರೆ ತೊರೆ ಹುಡುಕಿಕೊಂಡು ಹೋಗಲಾರದು. ಎಷ್ಟೋ ಪ್ರಭೇದಗಳ ನೆಲೆ ಕೆಲವೇ ತೊರೆಗಳಿಗೆ ಸೀಮಿತ. ಒಂದು ಝರಿ ಬತ್ತಿದರೂ ನಷ್ಟ ದೊಡ್ಡದು. ಮಹಾರಾಷ್ಟ್ರದ ಸೈಹಾಡ್ರೆನ್ಸಿಸ್ ಪ್ರಭೇದ ಆಗಲೇ ಅಳಿವಿನ ಭೀತಿಯಲ್ಲಿರುವ ಜೀವಿಯೆಂದು ಅಂತರರಾಷ್ಟ್ರೀಯ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿ ಸೇರಿದೆ.

ಸುತ್ತಲಿನ ಕಾಡು ಉಳಿದರೆ ಸಾಕಲ್ವಾ ಎಂದು ಕೇಳುವವರಿದ್ದಾರೆ. ಸಾಲದು. ಕಾಡು ಹಸಿರಾಗಿದ್ದರೂ, ಮೇಲೆ ಎಲ್ಲೋ ತೊರೆಯ ನೀರು ತಿರುಗಿಸಿದರೆ ಕೆಳಗಿನ ಬಂಡೆ ಒಣಗುತ್ತದೆ. ಘಟ್ಟದ ರಸ್ತೆ ಅಗಲ ಮಾಡುವಾಗ ನೀರು ಜಿನುಗುವ ಬಂಡೆಯನ್ನೇ ಕಡಿಯುತ್ತಾರೆ. ಪ್ರವಾಸಿಗರ ಸೋಪು, ಶಾಂಪೂ ನೀರಿಗಿಳಿಯುತ್ತದೆ. ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕಾದದ್ದು ಬೇಸಿಗೆಯ ಹರಿವಿಗೆ. ಮಾರ್ಚ್‌ನಿಂದ ಮೇವರೆಗೆ ಹರಿಯುವ ಆ ಸಣ್ಣ ಎಳೆ ನೀರನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹುಳುವಿನ ವರ್ಷ ನಿಂತಿರುವುದು ಅದರ ಮೇಲೆ.

ಮಲೆನಾಡಿನ ಮನೆ, ತೋಟಗಳಿಗೆ ಅಬ್ಬಿ ನೀರು, ಅಂದರೆ ಗುಡ್ಡದ ಝರಿಯಿಂದ ಪೈಪಿನಲ್ಲಿ ಇಳಿದು ಬರುವ ನೀರು, ಬೇಕೇ ಬೇಕು. ಅದನ್ನು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಆದರೆ ತೊಟ್ಟಿ ತುಂಬಿದ ಮೇಲೂ ಪೈಪಿನ ನೀರು ಅಂಗಳದಲ್ಲಿ ಸುಮ್ನೆ ಹರಿಯುತ್ತಿರುತ್ತದೆ. ತೊಟ್ಟಿಗೊಂದು ಫ್ಲೋಟ್ ವಾಲ್ವ್ ಹಾಕಿ. ತುಂಬಿದಾಗ ಪೈಪು ತಾನೇ ಮುಚ್ಚಿಕೊಳ್ಳುತ್ತದೆ, ಮಿಕ್ಕ ನೀರು ಪೈಪು ಶುರುವಾಗುವ ಮೇಲಿನ ಗುಂಡಿಯಿಂದಲೇ ಉಕ್ಕಿ ಬಂಡೆಯ ಮೇಲೆ ಇಳಿಯುತ್ತದೆ.