ಹರ್ಪಿಸ್: ಸೋಂಕು ಹಳೆಯದು, ನಾಚಿಕೆ ಹೊಸದು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, 50 ವರ್ಷದೊಳಗಿನ ಸುಮಾರು 380 ಕೋಟಿ ಜನರ ಮೈಯಲ್ಲಿ, ತುಟಿ ಮತ್ತು ಜನನಾಂಗಗಳ ಮೇಲೆ ನೀರ್ಗುಳ್ಳೆ ಎಬ್ಬಿಸುವ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನ ಮೊದಲ ಬಗೆ ಇದೆ. ಎರಡನೇ ಬಗೆ 15ರಿಂದ 49ರ ವಯೋಮಾನದ ಸುಮಾರು 52 ಕೋಟಿ ಜನರಲ್ಲಿದೆ. ಇಷ್ಟೊಂದು ಮಂದಿಗೆ ಅಂಟಿರುವ ಸೋಂಕಿನ ಹೆಸರನ್ನು ವೈದ್ಯರ ಮುಂದೆ ಹೇಳಲೂ ಜನ ತಡವರಿಸುತ್ತಾರೆ.

ಈ ಗುಳ್ಳೆಗಳನ್ನು ಪ್ರಾಚೀನ ಗ್ರೀಕ್ ವೈದ್ಯರೂ ಕಂಡಿದ್ದರು. ಇದು ಒಬ್ಬರಿಂದ ಒಬ್ಬರಿಗೆ ಹರಡುತ್ತದೆ ಎಂಬುದು ತಿಳಿದದ್ದು 19ನೇ ಶತಮಾನದ ಕೊನೆಯಲ್ಲಿ. ತುಟಿಯ ಹುಣ್ಣಿಗೂ ಜನನಾಂಗದ ಹುಣ್ಣಿಗೂ ಹೆಚ್ಚಾಗಿ ಕಾರಣವಾಗುವುದು ಒಂದೇ ವೈರಸ್‌ನ ಬೇರೆ ಬೇರೆ ಬಗೆಗಳು ಎಂದು 1960ರ ದಶಕದಲ್ಲಿ ಸ್ಪಷ್ಟವಾಯಿತು. ಸರ್ಪಸುತ್ತು ತರುವ ವೈರಸ್ ಇದೇ ಕುಟುಂಬದ್ದಾದರೂ ಅದೇ ಬೇರೆ, ಇದೇ ಬೇರೆ. ಎರಡನ್ನೂ ಒಂದೇ ಎಂದುಕೊಂಡು ಗಾಬರಿಯಾಗುವವರು ಇಂದಿಗೂ ಇದ್ದಾರೆ.

ವಾಸಿಯಾದ ಹುಣ್ಣು ಅದೇ ಜಾಗದಲ್ಲಿ ಮತ್ತೆ ಏಳುವುದೇಕೆ? 1970ರ ದಶಕದ ಆರಂಭದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳು ಇದಕ್ಕೆ ಉತ್ತರ ಕೊಟ್ಟವು. ಚರ್ಮದ ಮೂಲಕ ಒಳಹೊಕ್ಕ ವೈರಸ್ ನರದ ಗುಂಟ ಸಾಗಿ, ಬೆನ್ನುಹುರಿ ಅಥವಾ ಮಿದುಳಿನ ಬಳಿಯ ನರಕೋಶಗಳ ಗಂಟಿನಲ್ಲಿ ಸೇರಿಕೊಂಡು ಸುಮ್ಮನಿರುತ್ತದೆ. ಜ್ವರ, ಬಿಸಿಲು, ಆಯಾಸ, ಮುಟ್ಟು ಇಂಥ ಯಾವುದಾದರೂ ನೆಪ ಸಿಕ್ಕರೆ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಮೊದಲು ಜುಮುಗುಟ್ಟುವಿಕೆ, ಉರಿ. ಮರುದಿನ ಕೆಂಪಾದ ಚರ್ಮದ ಮೇಲೆ ಗುಂಪುಗುಂಪಾಗಿ ನೀರ್ಗುಳ್ಳೆಗಳು. ಅವು ಒಡೆದು, ಹುಣ್ಣಾಗಿ, ಒಣಗುವಷ್ಟರಲ್ಲಿ ವಾರ ಹತ್ತು ದಿನ ಕಳೆದಿರುತ್ತದೆ.

ಇಲ್ಲಿಂದ ಮುಂದಿನ ಹತ್ತು ವರ್ಷಗಳೇ ಈ ಕಥೆಯ ತಿರುಳು. ಬರೋಸ್ ವೆಲ್ಕಮ್ ಕಂಪನಿಯ ಪ್ರಯೋಗಾಲಯದಲ್ಲಿ ಗರ್ಟ್ರೂಡ್ ಎಲಿಯನ್ ಅವರ ತಂಡ ಅಸೈಕ್ಲೊವಿರ್ ಎಂಬ ಔಷಧವನ್ನು ರೂಪಿಸಿತು. ಆರೋಗ್ಯವಂತ ಜೀವಕೋಶದಲ್ಲಿ ಇದು ಬಹುಮಟ್ಟಿಗೆ ನಿಷ್ಕ್ರಿಯ. ಸೋಂಕು ತಗುಲಿದ ಕೋಶದಲ್ಲಿ ವೈರಸ್‌ನ ಸ್ವಂತ ಕಿಣ್ವವೇ ಇದನ್ನು ಚುರುಕುಗೊಳಿಸುತ್ತದೆ. ಚುರುಕಾದ ಔಷಧ ವೈರಸ್ ಡಿಎನ್‌ಎಯ ಸರಪಳಿಗೆ ಸೇರಿ, ಅದು ಮುಂದೆ ಬೆಳೆಯದಂತೆ ತಡೆಯುತ್ತದೆ. ಅದಕ್ಕೂ ಮೊದಲಿನ ವೈರಸ್ ನಿರೋಧಕಗಳು ರೋಗಿಯ ಕೋಶಗಳಿಗೂ ಹಾನಿ ಮಾಡುತ್ತಿದ್ದುದನ್ನು ನೆನೆದರೆ ಇದೆಂಥ ಸಾಧನೆ ಎಂಬುದು ಅರ್ಥವಾಗುತ್ತದೆ. 1988ರಲ್ಲಿ ಎಲಿಯನ್ ಅವರಿಗೆ ನೊಬೆಲ್ ಬಂತು.

ಅಸೈಕ್ಲೊವಿರ್ ಮುಲಾಮಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1982ರಲ್ಲಿ. ಅದೇ ವರ್ಷ ಅಲ್ಲಿನ ಪ್ರಮುಖ ವಾರಪತ್ರಿಕೆಯೊಂದು ಮುಖಪುಟದಲ್ಲೇ ಹರ್ಪಿಸ್ ಅನ್ನು ಹೊಸ ಕಾಲದ ಕಳಂಕವೆಂದು ಸಾರಿತು. ಔಷಧವೂ ಅಪಮಾನವೂ ಒಟ್ಟಿಗೇ ಮನೆಮನೆ ತಲುಪಿದವು. ಅಪಮಾನದ ಬೇರು ಹೆಚ್ಚು ಆಳಕ್ಕೆ ಇಳಿಯಿತು. ತುಟಿಯ ಮೇಲೆದ್ದರೆ ‘ಜ್ವರದ ಗುಳ್ಳೆ’ ಎಂದು ಸಲೀಸಾಗಿ ಹೇಳುವವರು, ಸೊಂಟದ ಕೆಳಗೆ ಎದ್ದರೆ ಬಾಯಿ ಬಿಡದಂತಾದರು. ವೈರಸ್‌ಗೆ ಇಂಥ ಮಡಿವಂತಿಕೆಯಿಲ್ಲ. ತುಟಿಯ ವೈರಸ್ ಮುಖಮೈಥುನದಿಂದ ಜನನಾಂಗಕ್ಕೂ ಹರಡುತ್ತದೆ.

ಹರಡುವಿಕೆಯ ಬಗ್ಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ತಿಳಿದದ್ದು ಆಮೇಲೆ. ಹುಣ್ಣು ಇಲ್ಲದ ದಿನಗಳಲ್ಲೂ ಚರ್ಮದಿಂದ ವೈರಸ್ ಹೊರಬರುತ್ತಿರುತ್ತದೆ. ಸೋಂಕು ಇರುವ ಬಹುತೇಕರಿಗೆ ಅದು ಇರುವುದೇ ತಿಳಿದಿರುವುದಿಲ್ಲ. ಹೀಗಿರುವಾಗ ಸಂಗಾತಿಯಲ್ಲಿ ಹರ್ಪಿಸ್ ಕಂಡಾಕ್ಷಣ ದ್ರೋಹದ ಆರೋಪ ಹೊರಿಸುವುದು ಅನ್ಯಾಯ. ಸೋಂಕು ಎಷ್ಟೋ ವರ್ಷಗಳ ಹಿಂದಿನದಿರಬಹುದು. ಶೌಚಾಲಯದ ಆಸನದಿಂದ, ಈಜುಕೊಳದಿಂದ ಅಂಟುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ. ಚರ್ಮಕ್ಕೆ ಚರ್ಮ ತಾಗುವುದು, ಮುತ್ತು, ಲೈಂಗಿಕ ಸಂಪರ್ಕ – ಮುಖ್ಯ ದಾರಿಗಳು ಇವು. ಕಾಂಡೋಮ್ ಅಪಾಯವನ್ನು ತಗ್ಗಿಸುತ್ತದೆ, ಆದರೆ ಅದು ಮುಚ್ಚದ ಚರ್ಮದಿಂದಲೂ ವೈರಸ್ ದಾಟಬಹುದು.

ನರದಲ್ಲಿ ಅಡಗಿದ ವೈರಸ್ಸನ್ನು ಬೇರುಸಹಿತ ಕೀಳುವ ಔಷಧ ಇನ್ನೂ ಬಂದಿಲ್ಲ. ಉರಿ ಶುರುವಾದ ಕೂಡಲೇ ಮಾತ್ರೆ ನುಂಗಿದರೆ ಹುಣ್ಣು ಬೇಗ ಮಾಯುತ್ತದೆ. ಮತ್ತೆ ಮತ್ತೆ ಮರುಕಳಿಸುವವರು ವೈದ್ಯರ ಸಲಹೆಯಂತೆ ದಿನವೂ ತೆಗೆದುಕೊಳ್ಳಬಹುದು. ಒಬ್ಬರಿಗೆ ಮಾತ್ರ ಎರಡನೇ ಬಗೆಯ ಸೋಂಕಿದ್ದ ದಂಪತಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಸೈಕ್ಲೊವಿರ್ ಬಳಗದ ವಲಾಸೈಕ್ಲೊವಿರ್ ಮಾತ್ರೆಯನ್ನು ದಿನಕ್ಕೆ 500 ಮಿಲಿಗ್ರಾಂ ಸೇವಿಸಿದ್ದರಿಂದ ಸಂಗಾತಿಗೆ ಸೋಂಕು ದಾಟುವುದು ಸುಮಾರು ಅರ್ಧದಷ್ಟು ಕಡಿಮೆಯಾಗಿತ್ತು. ಲಸಿಕೆಯ ಕಥೆ ಇಷ್ಟು ಹಿತವಾಗಿಲ್ಲ. ಸಾವಿರಾರು ಮಹಿಳೆಯರು ಪಾಲ್ಗೊಂಡಿದ್ದ ದೊಡ್ಡ ಪ್ರಯೋಗದ ಫಲಿತಾಂಶ 2012ರಲ್ಲಿ ಹೊರಬಿದ್ದಾಗ, ಎರಡನೇ ಬಗೆಯ ವಿರುದ್ಧ ಆ ಲಸಿಕೆ ಕೆಲಸ ಮಾಡಿರಲಿಲ್ಲ.

ಮೌನ ನಿಜಕ್ಕೂ ಜೀವಕ್ಕೆ ಕುತ್ತಾಗುವುದು ನವಜಾತ ಶಿಶುಗಳ ವಿಷಯದಲ್ಲಿ. ತಾಯಿಯ ಸೋಂಕು ಹಳೆಯದಾಗಿದ್ದರೆ ಆಕೆಯ ಪ್ರತಿಕಾಯಗಳು ಮಗುವಿಗೂ ರಕ್ಷಣೆ ನೀಡುವುದರಿಂದ ಅಪಾಯ ತೀರಾ ಕಡಿಮೆ. ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ಹೊಸದಾಗಿ ತಗುಲಿದರೆ ಅಪಾಯ ಹಲವು ಪಟ್ಟು ಹೆಚ್ಚು. ವಿಷಯ ಮೊದಲೇ ಗೊತ್ತಿದ್ದರೆ ಕೊನೆಯ ವಾರಗಳಲ್ಲಿ ಮಾತ್ರೆ ಕೊಡುತ್ತಾರೆ. ಹೆರಿಗೆ ನೋವಿನ ವೇಳೆ ಹುಣ್ಣು ಇದ್ದರೆ ಸಿಸೇರಿಯನ್ ಮಾಡುತ್ತಾರೆ. ಮಗುವಿಗೆ ಸೋಂಕು ತಗುಲಿರುವ ಅನುಮಾನ ಬಂದರೆ ಪರೀಕ್ಷೆಯ ವರದಿಗೆ ಕಾಯದೆ ರಕ್ತನಾಳದ ಮೂಲಕ ಅಸೈಕ್ಲೊವಿರ್ ಆರಂಭಿಸುತ್ತಾರೆ.