ಒಂದೇ ಠಾಣೆ, ಎರಡು ಪಿಂಚಣಿ: ಪೊಲೀಸರು ಮತ್ತು ಅಗ್ನಿಶಾಮಕ ಸಿಬ್ಬಂದಿ ಎನ್‌ಪಿಎಸ್‌ಗೆ ಬಂದ ದಾರಿ

ಕಾರವಾರ ತಾಲ್ಲೂಕೊಂದರಲ್ಲೇ ಸಮವಸ್ತ್ರ ತೊಟ್ಟು ದುಡಿಯುವ ನಾಲ್ಕು ಬಗೆಯ ಜನರಿಗೆ ನಿವೃತ್ತಿಯ ನಾಲ್ಕು ಬಗೆಯ ಲೆಕ್ಕಗಳಿವೆ. ಅರಗಾದ ನೌಕಾನೆಲೆಯ ಕಾಯಂ ನಾವಿಕರಿಗೆ ಖಚಿತ ಪಿಂಚಣಿ ಇದ್ದು, ಅದಕ್ಕಾಗಿ ಅವರ ಸಂಬಳದಿಂದ ಏನನ್ನೂ ಕಡಿತ ಮಾಡುವುದಿಲ್ಲ. ಕೈಗಾ ಅಣುಸ್ಥಾವರವನ್ನು ಕಾಯುವ, ಕೇಂದ್ರದ ಅರೆಸೇನಾ ಪಡೆಯಾದ ಸಿಐಎಸ್‌ಎಫ್‌ನ ಸಿಬ್ಬಂದಿ 2004ರ ಜನವರಿ 1ರಿಂದ ಈಚೆಗೆ ಸೇರಿದವರಾದರೆ ಸಂಬಳದಿಂದ ವಂತಿಕೆ ಕಡಿದು ಕೂಡಿಸುವ, ಖಚಿತ ಪಿಂಚಣಿಯ ಭರವಸೆಯಿಲ್ಲದ ಕೇಂದ್ರದ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ, ಅಂದರೆ ಎನ್‌ಪಿಎಸ್‌ಗೆ ಒಳಪಟ್ಟವರು. ಊರಿನ ಠಾಣೆಯ ಕಾನ್‌ಸ್ಟೆಬಲ್‌ಗಳು, ಅಗ್ನಿಶಾಮಕ ಠಾಣೆಯ ಸಿಬ್ಬಂದಿ 2006ರ ಏಪ್ರಿಲ್ 1ರ ಈಚೆಗೆ ಬಂದವರಾದರೆ ರಾಜ್ಯದ ಎನ್‌ಪಿಎಸ್‌ನವರು, ಅದಕ್ಕೂ ಮೊದಲೇ ಬಂದವರಾದರೆ ಹಳೆ ಪಿಂಚಣಿಯವರು. ಜಾತ್ರೆ, ಚುನಾವಣೆ, ನೆರೆ ಎಲ್ಲದಕ್ಕೂ ಇವರ ಪಕ್ಕದಲ್ಲೇ ನಿಲ್ಲುವ ಗೃಹರಕ್ಷಕರಿಗೆ ದಿನದ ಭತ್ಯೆ ಮಾತ್ರ. ಪಿಂಚಣಿ ಎಂಬುದೇ ಇಲ್ಲ.

ಆದೇಶ, ತಿದ್ದುಪಡಿ, ಸಮಿತಿ, ಮುಷ್ಕರ, ತೀರ್ಪುಗಳು ಒಂದರ ಮೇಲೊಂದು ಬಿದ್ದು ಈ ವಿಷಯ ಎಷ್ಟು ಗೋಜಲಾಗಿದೆಯೆಂದರೆ, ಸಿಬ್ಬಂದಿಯ ಕಾಗದಪತ್ರ ನೋಡಿಕೊಳ್ಳುವ ಠಾಣೆಯ ರೈಟರ್‌ಗೂ ತಮ್ಮ ಲೆಕ್ಕ ಎಲ್ಲಿಗೆ ನಿಲ್ಲುತ್ತದೆಂದು ಖಚಿತವಾಗಿ ಹೇಳಲು ಕಷ್ಟವಾಗಿದೆ. ಆದರೆ ಹಿಂದಕ್ಕೆ ಹೋಗಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗಿ ಕಾಣುತ್ತದೆ. ರಾಜ್ಯದಲ್ಲಿ ಈ ವಿಂಗಡಣೆ ನಡೆದದ್ದು ಕೆಲಸದ ಸ್ವರೂಪವನ್ನು ನೋಡಿ ಅಲ್ಲ, ಕೆಲಸಕ್ಕೆ ಹಾಜರಾದ ತಾರೀಖನ್ನು ನೋಡಿ.

ಬ್ರಿಟಿಷರ ಕಾಲದಲ್ಲಿ ಬೇರೂರಿ, ಈ ಜಿಲ್ಲೆಯಲ್ಲಿ ಮುಂಬಯಿ ಆಡಳಿತದ ನಿಯಮಗಳಡಿ ನಡೆದು, 1956ರ ಏಕೀಕರಣದ ಬಳಿಕ 1958ರ ಸೇವಾ ನಿಯಮಾವಳಿಯೊಳಗೆ ಸೇರಿಹೋದ ಹಳೆ ಪದ್ಧತಿಯ ತಿರುಳು ಸರಳವಾಗಿತ್ತು: ಪೂರ್ಣಾವಧಿ ಸೇವೆ ಮುಗಿಸಿದವರಿಗೆ ಕೊನೆಯ ಮೂಲ ವೇತನದ ಅರ್ಧದಷ್ಟು ಪಿಂಚಣಿ, ಅದರ ಮೇಲೆ ಕಾಲಕಾಲಕ್ಕೆ ಏರುವ ತುಟ್ಟಿಭತ್ಯೆ, ಅವರ ನಂತರ ಹೆಂಡತಿ ಅಥವಾ ಗಂಡನಿಗೆ ಕುಟುಂಬ ಪಿಂಚಣಿ. ಪಿಂಚಣಿ ಸರ್ಕಾರ ಕೈಯೆತ್ತಿ ಕೊಡುವ ದಾನವಲ್ಲ, ಸಲ್ಲಿಸಿದ ಸೇವೆಗೆ ಪ್ರತಿಯಾಗಿ ಬರುವ ಹಕ್ಕು ಎಂದು 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಕರಣದ ವಿವಾದವೂ ತಾರೀಖಿನದೇ ಆಗಿತ್ತು. ನಿವೃತ್ತರನ್ನು ನಿವೃತ್ತಿಯ ದಿನಾಂಕದ ಮೇಲೆ ಎರಡಾಗಿ ಒಡೆಯುವುದು ಸಲ್ಲದೆಂದು ನ್ಯಾಯಾಲಯ ತೀರ್ಪಿತ್ತ ಎರಡು ದಶಕಗಳ ಬಳಿಕ, ಸೇವೆಗೆ ಸೇರಿದ ದಿನಾಂಕದ ಮೇಲೆ ನೌಕರರನ್ನು ಒಡೆಯುವ ವ್ಯವಸ್ಥೆ ದೇಶದಲ್ಲಿ ನೆಲೆಯಾಯಿತು.

ಹಳೆ ಪದ್ಧತಿಯಲ್ಲಿ ದೋಷವಿರಲಿಲ್ಲವೆಂದಲ್ಲ. ಪಿಂಚಣಿಗೆಂದು ಯಾವ ನಿಧಿಯನ್ನೂ ಕೂಡಿಡದೆ ಆಯಾ ವರ್ಷದ ತೆರಿಗೆ ಹಣದಿಂದಲೇ ಪಾವತಿಸಲಾಗುತ್ತಿತ್ತು. ಆಯಸ್ಸು ಹೆಚ್ಚಿದಂತೆ, ವೇತನ ಆಯೋಗಗಳು ಬಂದು ಹೋದಂತೆ ಆ ಹೊರೆ ಬೆಳೆಯುತ್ತ ಹೋಯಿತು. ತೊಂಬತ್ತರ ದಶಕದ ಕೊನೆಗೆ ಕೇಂದ್ರ ಮತ್ತು ರಾಜ್ಯಗಳೆರಡೂ ಇದರಿಂದ ಕಂಗಾಲಾಗಿದ್ದವು. 2001ರಲ್ಲಿ ಕೇಂದ್ರ ಸರ್ಕಾರ ಕರ್ನಾಟಕದ ನಿವೃತ್ತ ಮುಖ್ಯ ಕಾರ್ಯದರ್ಶಿ ಬಿ.ಕೆ. ಭಟ್ಟಾಚಾರ್ಯ ಅವರ ನೇತೃತ್ವದಲ್ಲಿ ತಜ್ಞರ ತಂಡವೊಂದನ್ನು ರಚಿಸಿತು. ಒಂದಷ್ಟು ಖಚಿತ ಪಿಂಚಣಿ, ಒಂದಷ್ಟು ವಂತಿಕೆಯ ಉಳಿತಾಯ ಇರುವ ಮಿಶ್ರ ಪದ್ಧತಿಯನ್ನು ಆ ತಂಡ ಸೂಚಿಸಿತ್ತು. ಅಂತಿಮವಾಗಿ ಒಪ್ಪಿಗೆಯಾದದ್ದು ಮಾತ್ರ ಖಚಿತ ಭಾಗವನ್ನು ಪೂರ್ತಿ ಕೈಬಿಟ್ಟ, ವಂತಿಕೆಯೊಂದನ್ನೇ ಆಧರಿಸಿದ ವ್ಯವಸ್ಥೆ. 2003ರ ಡಿಸೆಂಬರ್ 22ರಂದು ಅಧಿಸೂಚನೆ ಹೊರಟು, 2004ರ ಜನವರಿ 1ರಿಂದ ಸೇರುವ ಕೇಂದ್ರ ನೌಕರರಿಗೆ ಅದು ಅನ್ವಯವಾಯಿತು. ಸಶಸ್ತ್ರ ಪಡೆಗಳನ್ನು ಅದರಿಂದ ಹೊರಗಿಡಲಾಯಿತು.

ಸೈನಿಕರ ಕೆಲಸ ಬೇರೆ, ಅವರ ದೇಹದ ಮೇಲಿನ ಅಪಾಯ ಬೇರೆ, ಅವರು ಬೇಗ ನಿವೃತ್ತರಾಗುತ್ತಾರೆ ಎಂಬ ಕಾರಣಗಳಿಗೆ ಆ ವಿನಾಯಿತಿಯ ಬಗ್ಗೆ ಯಾರೂ ತಕರಾರು ಮಾಡಲಿಲ್ಲ. ಅಂದರೆ ಕೆಲಸದ ಸ್ವರೂಪ ನೋಡಿ ಪಿಂಚಣಿ ನಿರ್ಧರಿಸಬಹುದು ಎಂಬುದನ್ನು ಮೊದಲ ದಿನವೇ ಒಪ್ಪಿಕೊಂಡಂತಾಗಿತ್ತು. ಎನ್‌ಪಿಎಸ್ ರಾಜ್ಯಗಳಿಗೆ ಕಡ್ಡಾಯವಾಗಿರಲಿಲ್ಲ. ಪಶ್ಚಿಮ ಬಂಗಾಳ ಇಂದಿಗೂ ಅದರ ಹೊರಗಿದೆ. ಆದರೆ ಸರ್ಕಾರದ ಸಾಲ ಮತ್ತು ಕೊರತೆಗೆ ಮಿತಿ ಹಾಕುವ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲಿ ದೇಶದಲ್ಲೇ ಮೊದಲಿಗೆ ತಂದಿದ್ದ ಕರ್ನಾಟಕ, ಪಿಂಚಣಿ ಸುಧಾರಣೆಯಲ್ಲೂ ಹಿಂದೆ ಬೀಳಲಿಲ್ಲ. 2006ರ ಏಪ್ರಿಲ್ 1ರಿಂದ ಸೇವೆಗೆ ಸೇರುವ ಎಲ್ಲರಿಗೂ ಹೊಸ ವ್ಯವಸ್ಥೆ ಎಂದು ಆದೇಶವಾಯಿತು. ಆ ‘ಎಲ್ಲರೂ’ ಎಂಬುದರಲ್ಲಿ ಶಾಲಾ ಶಿಕ್ಷಕರು, ಗ್ರಾಮ ಲೆಕ್ಕಾಧಿಕಾರಿಗಳು, ಕಚೇರಿಯ ಗುಮಾಸ್ತರ ಜೊತೆಗೆ ಪೊಲೀಸರೂ ಅಗ್ನಿಶಾಮಕರೂ ಸೇರಿದರು. ಸಮವಸ್ತ್ರದ ಸೇವೆಗಳಿಗೆ ಬೇರೆ ಸೂತ್ರ ಬೇಕೇ ಎಂಬ ಪ್ರಶ್ನೆ ಆ ಆದೇಶದಲ್ಲಿ ಜಾಗ ಪಡೆಯಲಿಲ್ಲ.

ಆದೇಶವೇನೋ ಹೊರಟಿತು, ಅದನ್ನು ನಡೆಸುವ ಯಂತ್ರ ಸಿದ್ಧವಾಗಿರಲಿಲ್ಲ. ಪ್ರತಿಯೊಬ್ಬರಿಗೂ ಪ್ರಾನ್ ಎಂಬ ಹನ್ನೆರಡು ಅಂಕಿಯ ಖಾತೆ ಸಂಖ್ಯೆ ಬರಬೇಕು, ಖಜಾನೆಯಿಂದ ಹಣ ಕೇಂದ್ರ ದಾಖಲೆ ಸಂಸ್ಥೆಗೂ ಅಲ್ಲಿಂದ ಪಿಂಚಣಿ ನಿಧಿಗಳಿಗೂ ಹೋಗಬೇಕು. ಇದೆಲ್ಲ ಹದಕ್ಕೆ ಬಂದು ವೇತನ ಬಿಲ್ಲಿನಲ್ಲಿ ಕಡಿತ ಆರಂಭವಾಗಲು ವರ್ಷಗಳೇ ಹಿಡಿದವು. ನಡುವಿನ ಅವಧಿಯ ವಂತಿಕೆ ಹಿಂಬಾಕಿಯಾಗಿ ಉಳಿದು, ಆಮೇಲೆ ಕಂತುಕಂತಾಗಿ ವಸೂಲಾಯಿತು. ಪೊಲೀಸರ ಮಟ್ಟಿಗೆ ಇದರ ತೊಡಕು ಹೆಚ್ಚು, ಏಕೆಂದರೆ ಅವರ ವರ್ಗಾವಣೆ ಹೆಚ್ಚು. ಭಟ್ಕಳದಿಂದ ಶಿರಸಿಗೆ, ಶಿರಸಿಯಿಂದ ಹಳಿಯಾಳಕ್ಕೆ, ನಿಯೋಜನೆಯ ಮೇಲೆ ಮತ್ತೊಂದು ಘಟಕಕ್ಕೆ ಹೋದವರ ಹಿಂಬಾಕಿ ಯಾವ ಬಟವಾಡೆ ಅಧಿಕಾರಿಯ ಕಾಲದ್ದು ಎಂದು ಹುಡುಕುವುದೇ ಒಂದು ಕೆಲಸ. ಸೇವಾ ಪುಸ್ತಕದಲ್ಲಿ ಒಂದು ನಮೂದು ಬಿಟ್ಟುಹೋಗಿದ್ದರೆ ಅಷ್ಟು ತಿಂಗಳ ಬೆಳವಣಿಗೆಯೂ ಖಾತೆಯಲ್ಲಿ ಬಿಟ್ಟುಹೋಗುತ್ತದೆ. ಹಳೆ ಪದ್ಧತಿಯಲ್ಲಿ ಇಂಥ ಲೋಪವನ್ನು ನಿವೃತ್ತಿಯ ಹೊತ್ತಿಗೆ ಸರಿಪಡಿಸಿಕೊಂಡರೂ ಪಿಂಚಣಿಗೆ ಧಕ್ಕೆಯಿರಲಿಲ್ಲ. ಹೊಸದರಲ್ಲಿ ತಡವಾಗಿ ಬಿದ್ದ ಹಣ ತಡವಾಗಿಯೇ ಬೆಳೆಯುತ್ತದೆ.

ಲೆಕ್ಕವನ್ನು ಹತ್ತಿರದಿಂದ ನೋಡೋಣ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 50,000 ರೂಪಾಯಿ ಪಡೆಯುವ ಹೆಡ್ ಕಾನ್‌ಸ್ಟೆಬಲ್ ಒಬ್ಬರ ಸಂಬಳದಿಂದ ಶೇ 10ರಂತೆ 5,000 ರೂಪಾಯಿ ಕಡಿತವಾಗುತ್ತದೆ. ಸರ್ಕಾರದ ಪಾಲು ಆರಂಭದಲ್ಲಿ ಶೇ 10 ಇದ್ದದ್ದು ಈಗ ಶೇ 14, ಅಂದರೆ 7,000 ರೂಪಾಯಿ. ಈ ಹಣವನ್ನು ನಿಧಿ ನಿರ್ವಾಹಕರು ಬಹುಪಾಲು ಸರ್ಕಾರಿ ಸಾಲಪತ್ರಗಳಲ್ಲೂ ಸ್ವಲ್ಪವನ್ನು ಷೇರುಗಳಲ್ಲೂ ತೊಡಗಿಸುತ್ತಾರೆ. ನಿವೃತ್ತಿಯ ದಿನ ಖಾತೆಯಲ್ಲಿ 40 ಲಕ್ಷ ಇದೆ ಎಂದುಕೊಂಡರೆ 24 ಲಕ್ಷದವರೆಗೆ ಒಟ್ಟಿಗೆ ಪಡೆಯಬಹುದು; ಉಳಿದ ಕನಿಷ್ಠ ಶೇ 40ರಲ್ಲಿ, ಅಂದರೆ 16 ಲಕ್ಷದಲ್ಲಿ, ವಿಮಾ ಕಂಪನಿಯಿಂದ ಆನ್ಯುಯಿಟಿ, ಅಂದರೆ ಬದುಕಿರುವವರೆಗೆ ತಿಂಗಳು ತಿಂಗಳು ನಿಗದಿತ ಮೊತ್ತ ಕೊಡುವ ಯೋಜನೆ, ಕೊಳ್ಳಲೇಬೇಕು. ದರ ಶೇ 6 ಇದ್ದರೆ ತಿಂಗಳಿಗೆ 8,000 ರೂಪಾಯಿ ಬರುತ್ತದೆ. ಕೊನೆಯ ಮೂಲ ವೇತನ 60,000 ಇದ್ದ ಹಳೆ ಪಿಂಚಣಿಯವರಿಗೆ 30,000 ಮತ್ತು ಅದರ ಮೇಲೆ ತುಟ್ಟಿಭತ್ಯೆ. ಕೈಗೆ ಬಂದ 24 ಲಕ್ಷವನ್ನು ಜಾಣತನದಿಂದ ಠೇವಣಿಯಿಟ್ಟರೆ ಅದೂ ಆದಾಯ ತರುತ್ತದೆ ಎಂಬ ವಾದ ಸುಳ್ಳಲ್ಲ. ಆದರೆ ಮಗಳ ಮದುವೆ, ಮನೆಯ ಸಾಲ ಕಳೆದು ಎಷ್ಟು ಉಳಿಯುತ್ತದೆಂಬುದು ಸಂಬಳದಾರರ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಶಿರಸಿಯ ವ್ಯಾಪಾರಿ ಅಂಗಳದಲ್ಲಿ ಅಡಿಕೆಯನ್ನು ಟೆಂಡರಿಗಿಟ್ಟ ದಿನದ ದರ ಬೆಳೆಗಾರನ ವರ್ಷದ ಗಳಿಕೆಯನ್ನು ನಿರ್ಧರಿಸುವಂತೆ, ಆನ್ಯುಯಿಟಿ ಕೊಂಡ ದಿನದ ದರ ಇಲ್ಲಿ ಉಳಿದ ಬದುಕಿನ ತಿಂಗಳ ವರಮಾನವನ್ನು ನಿರ್ಧರಿಸುತ್ತದೆ. ಮತ್ತು ಆ ಮೊತ್ತ ಬೆಲೆಯೇರಿಕೆಯ ಜೊತೆ ಏರುವುದಿಲ್ಲ.

ಇಷ್ಟು ಎಲ್ಲ ಇಲಾಖೆಯವರಿಗೂ ಸಮಾನ. ಪೊಲೀಸ್ ಮತ್ತು ಅಗ್ನಿಶಾಮಕ ಇಲಾಖೆಗಳದು ಬೇರೆಯಾಗುವುದು ಸೇವೆ ನಡುವಿನಲ್ಲೇ ಮುರಿದುಬೀಳುವ ಸಂದರ್ಭದಲ್ಲಿ. ವಂತಿಕೆಯ ವ್ಯವಸ್ಥೆ ಮೂವತ್ತು ವರ್ಷ ಅಡೆತಡೆಯಿಲ್ಲದೆ ದುಡಿಯುವವರನ್ನು ಕಣ್ಣಮುಂದಿಟ್ಟುಕೊಂಡು ಹೆಣೆದದ್ದು. ಮಳೆಗಾಲದಲ್ಲಿ ಹೆದ್ದಾರಿಗೆ ಉರುಳಿದ ಮರ ಕಡಿಯಲು, ಬೇಸಿಗೆಯಲ್ಲಿ ಬೆಟ್ಟದ ಬೆಂಕಿ ಬಡಿಯಲು, ಬಾವಿಗೆ ಬಿದ್ದವರನ್ನು ಎತ್ತಲು ಹೋಗುವವರ ಬೆನ್ನು, ಮಂಡಿ, ಶ್ವಾಸಕೋಶಗಳು ಅಷ್ಟು ಕಾಲ ಬಾಳುವ ಭರವಸೆ ಕಡಿಮೆ. ಅದರ ಮೇಲೆ 2008ರಲ್ಲಿ ರಾಜ್ಯದಲ್ಲಿ ನಿವೃತ್ತಿ ವಯಸ್ಸು 58ರಿಂದ 60ಕ್ಕೆ ಏರಿತು; ಕಚೇರಿಯಲ್ಲಿ ಕೂರುವವರಿಗೆ ಅದು ವರ, ಏಣಿ ಹತ್ತುವವರಿಗೆ ಅಷ್ಟೇನೂ ಅಲ್ಲ. ಹತ್ತನೆಯ ವರ್ಷದಲ್ಲಿ ಸತ್ತವರ ಖಾತೆಯಲ್ಲಿ ಹತ್ತು ವರ್ಷದ ಹಣವಷ್ಟೇ ಇರುತ್ತದೆ. ಈ ಕೊರತೆ ಬೇಗನೇ ಅರಿವಿಗೆ ಬಂದು, ಸೇವೆಯಲ್ಲಿದ್ದಾಗ ಮೃತರಾದವರ ಮತ್ತು ಅಂಗವೈಕಲ್ಯಕ್ಕೆ ಒಳಗಾದವರ ವಿಷಯದಲ್ಲಿ ಕೇಂದ್ರ 2009ರಲ್ಲೇ ಹಳೆ ನಿಯಮದ ಸೌಲಭ್ಯಗಳನ್ನು ತಾತ್ಕಾಲಿಕವಾಗಿ ಮರಳಿಸಿತು. ರಾಜ್ಯವೂ ಮುಂದೆ ಎನ್‌ಪಿಎಸ್ ನೌಕರರ ಮರಣದ ಸಂದರ್ಭದಲ್ಲಿ ಕುಟುಂಬ ಪಿಂಚಣಿ ಮತ್ತು ಉಪದಾನವನ್ನು ವಿಸ್ತರಿಸಿತು, ಆದರೆ ಹೊಸ ವ್ಯವಸ್ಥೆ ಬಂದು ಎಷ್ಟೋ ವರ್ಷಗಳಾದ ಮೇಲೆ. ಹೊಸ ವ್ಯವಸ್ಥೆಯ ಬಿರುಕು ಮುಚ್ಚಲು ಹಳೆಯದನ್ನೇ ಕರೆಯಬೇಕಾಯಿತು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದಾಗ ಗಂಗಾವಳಿಯ ದಂಡೆಯಲ್ಲಿ ಈ ಎಲ್ಲ ವಿಂಗಡಣೆಗಳೂ ಒಟ್ಟಿಗೆ ನಿಂತಿದ್ದವು. ನೌಕಾಪಡೆಯ ಮುಳುಗುತಜ್ಞರಿಗೆ ಹಳೆ ಮಾದರಿಯ ಪಿಂಚಣಿ; ಅರೆಸೇನಾ ಪಡೆಗಳಿಂದ ನಿಯೋಜನೆಗೊಂಡು ಬರುವ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ (ಎನ್‌ಡಿಆರ್‌ಎಫ್) ಸಿಬ್ಬಂದಿಯಲ್ಲಿ 2004ರ ಈಚಿನವರಿಗೆ ಕೇಂದ್ರದ ಎನ್‌ಪಿಎಸ್; ಜಿಲ್ಲೆಯ ಪೊಲೀಸರಿಗೂ ಅಗ್ನಿಶಾಮಕರಿಗೂ ಅವರವರ ಸೇರ್ಪಡೆಯ ತಾರೀಖಿನಂತೆ ಹಳೆಯದೋ ಹೊಸದೋ. ಇಳಿದದ್ದು ಒಂದೇ ಕೆಸರಿಗೆ, ಒಂದೇ ನೀರಿಗೆ.

ಇಷ್ಟಾದರೂ ಹಳೆ ಪಿಂಚಣಿಯ ಹೋರಾಟದಲ್ಲಿ ಖಾಕಿ ಕಾಣಿಸಲಿಲ್ಲ, ಕಾಣಿಸುವಂತೆಯೂ ಇರಲಿಲ್ಲ. 1966ರ ಕೇಂದ್ರ ಕಾಯ್ದೆಯೊಂದು ಪೊಲೀಸರು ಸಂಘ ಕಟ್ಟುವುದಕ್ಕೆ ಬಿಗಿಯಾದ ನಿರ್ಬಂಧ ಹಾಕಿದೆ. 2016ರ ಜೂನ್‌ನಲ್ಲಿ ರಾಜ್ಯದ ಪೊಲೀಸರು ಸಾಮೂಹಿಕ ರಜೆಗೆ ಕರೆಕೊಟ್ಟಾಗ ಅದು ಎಷ್ಟು ಬೇಗ ತಣ್ಣಗಾಯಿತು ಎಂಬುದು ಎಲ್ಲರಿಗೂ ನೆನಪಿದೆ. ಹಾಗಾಗಿ 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಎನ್‌ಪಿಎಸ್ ನೌಕರರು ಧರಣಿ ಕೂತಾಗ ಶಿಕ್ಷಕರೂ ಕಚೇರಿ ಸಿಬ್ಬಂದಿಯೂ ಪೆಂಡಾಲಿನೊಳಗಿದ್ದರು, ಅದೇ ಎನ್‌ಪಿಎಸ್ ಕಡಿತದ ಪೊಲೀಸರು ಹೊರಗೆ ಬಂದೋಬಸ್ತಿನಲ್ಲಿದ್ದರು. ಪೊಲೀಸರ ಪಿಂಚಣಿಯ ಮಾತನ್ನು ಇತರರು ಆಡಿದರು, ಇತರರ ಬೇಡಿಕೆಯ ಭಾಗವಾಗಿಯೇ ಆಡಿದರು. ವೃತ್ತಿಯ ಅಪಾಯದ ಪ್ರಶ್ನೆ ಮತ್ತೆ ಒಳಗೆ ಬರಲಿಲ್ಲ.

2022ರಿಂದ ರಾಜಸ್ಥಾನ, ಛತ್ತೀಸಗಢ, ಜಾರ್ಖಂಡ್, ಪಂಜಾಬ್, ಹಿಮಾಚಲ ಪ್ರದೇಶಗಳು ಒಂದೊಂದಾಗಿ ಹಳೆ ಪಿಂಚಣಿಗೆ ಮರಳುವುದಾಗಿ ಘೋಷಿಸಿದ ಮೇಲೆ ಇಲ್ಲಿಯೂ ಒತ್ತಡ ಹೆಚ್ಚಿತು. ರಾಜ್ಯ ಸರ್ಕಾರಿ ನೌಕರರ 2023ರ ಮಾರ್ಚ್ 1ರ ಮುಷ್ಕರ ಅದೇ ದಿನ ಮುಗಿಯಿತು: ಶೇ 17ರ ಮಧ್ಯಂತರ ಪರಿಹಾರ, ಪಿಂಚಣಿಗೆ ಅಧ್ಯಯನ ಸಮಿತಿ. ಚುನಾವಣೆ ಕಳೆದು ಸರ್ಕಾರ ಬದಲಾಯಿತು, ಸಮಿತಿ ಉಳಿಯಿತು. 2024ರ ಜನವರಿಯಲ್ಲಿ ಮಾತ್ರ ಒಂದು ಗಂಟು ಸಡಿಲವಾಯಿತು. ನೇಮಕಾತಿ ಅಧಿಸೂಚನೆ 2006ರ ಏಪ್ರಿಲ್ 1ಕ್ಕೆ ಮೊದಲೇ ಹೊರಟಿದ್ದು, ಆಮೇಲೆ ಸೇವೆಗೆ ಸೇರಿದ ಸುಮಾರು 13,000 ನೌಕರರನ್ನು ಹಳೆ ಪಿಂಚಣಿಗೆ ಸೇರಿಸಲು ರಾಜ್ಯ ಒಪ್ಪಿತು. ಲಿಖಿತ ಪರೀಕ್ಷೆ, ದೇಹದಾರ್ಢ್ಯ ಪರೀಕ್ಷೆ, ವೈದ್ಯಕೀಯ ತಪಾಸಣೆ, ಪೂರ್ವಾಪರ ಪರಿಶೀಲನೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಸಮವಸ್ತ್ರದ ನೇಮಕಾತಿಯಲ್ಲಿ ಅರ್ಜಿಗೂ ಹಾಜರಾತಿಗೂ ನಡುವೆ ಎಷ್ಟು ಕಾಲ ಕಳೆಯುತ್ತದೆಂದು ಬಲ್ಲವರಿಗೆ ಈ ಆದೇಶದ ಬೆಲೆ ಗೊತ್ತು. ಆದರೂ ಅದು ಗೆರೆಯನ್ನು ಅಳಿಸಲಿಲ್ಲ, ಸ್ವಲ್ಪ ಸರಿಸಿತು.

ಅದೇ ವರ್ಷದ ಆಗಸ್ಟ್ 24ರಂದು ಕೇಂದ್ರ ಸಚಿವ ಸಂಪುಟ ಏಕೀಕೃತ ಪಿಂಚಣಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರ ಏಪ್ರಿಲ್ 1ರಿಂದ ಅದು ಕೇಂದ್ರ ನೌಕರರಿಗೆ ಆಯ್ಕೆಯಾಗಿ ದೊರೆಯಿತು. 25 ವರ್ಷ ದುಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ, 10 ವರ್ಷ ದುಡಿದವರಿಗೆ ಕನಿಷ್ಠ 10,000 ರೂಪಾಯಿ, ಜೊತೆಗೆ ನೌಕರರ ವಂತಿಕೆಯ ಮುಂದುವರಿಕೆ. ಖಚಿತ ಪಿಂಚಣಿ ಮತ್ತು ವಂತಿಕೆಗಳನ್ನು ಬೆರೆಸುವ ವಿಚಾರ ಇಪ್ಪತ್ತು ವರ್ಷಕ್ಕೂ ಹಿಂದೆ ಭಟ್ಟಾಚಾರ್ಯ ತಂಡದ ವರದಿಯಲ್ಲೇ ಇತ್ತೆಂಬುದನ್ನು ಆ ದಿನಗಳ ಚರ್ಚೆಯಲ್ಲಿ ನೆನೆದವರು ಕಡಿಮೆ. ರಾಜ್ಯದ ನೌಕರರಿಗೆ ಈ ಯೋಜನೆ ತಾನಾಗಿ ಅನ್ವಯವಾಗುವುದಿಲ್ಲ.

ಸಮವಸ್ತ್ರದ ಸೇವೆಗಳಿಗೆ ಬೇರೆ ಸೂತ್ರ ಬೇಕೆಂಬ ವಾದ ಗಟ್ಟಿಯಾಗಿ ಕೇಳಿಸಿದ್ದು ಒಂದೇ ಕಡೆ. ಅರೆಸೇನಾ ಪಡೆಗಳೂ ಒಕ್ಕೂಟದ ಸಶಸ್ತ್ರ ಪಡೆಗಳೇ, ಅವರಿಗೆ ಹಳೆ ಪಿಂಚಣಿ ಸಲ್ಲಬೇಕು ಎಂದು 2023ರ ಜನವರಿ 11ರಂದು ದೆಹಲಿ ಹೈಕೋರ್ಟ್ ಹೇಳಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಇತ್ತ ಸೇನೆಯಲ್ಲೂ 2022ರ ಅಗ್ನಿಪಥದಿಂದ ನಾಲ್ಕು ವರ್ಷಕ್ಕೆ ಹೊರಬರುವವರಿಗೆ ಪಿಂಚಣಿಯಿಲ್ಲ, ಆದ್ದರಿಂದ ವಿನಾಯಿತಿಯ ಗೋಡೆ ಆ ಕಡೆಯಿಂದಲೂ ತೆಳುವಾಗುತ್ತಿದೆ.

ರಾಜ್ಯದ ಪೊಲೀಸರು ಮತ್ತು ಅಗ್ನಿಶಾಮಕರ ವಿಷಯದಲ್ಲಿ ಕಾನೂನಿನ ಅಡ್ಡಿ ಹೇಳುವಷ್ಟು ದೊಡ್ಡದಲ್ಲ. ರಾಜ್ಯದ ಸಂಚಿತ ನಿಧಿಯಿಂದ ಕೊಡುವ ಪಿಂಚಣಿ ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲೇ ಇದೆ. ಎರಡು ಇಲಾಖೆಗಳಿಗೆ ಬೇರೆ ಸೂತ್ರ ಮಾಡಲು ದೆಹಲಿಯ ಅನುಮತಿ ಬೇಕಿಲ್ಲ. ತೊಡಕಿರುವುದು ಈಗಾಗಲೇ ಖಾತೆಗಳಲ್ಲಿ ಕೂಡಿರುವ ಹಣದ ವಿಷಯದಲ್ಲಿ. ಅದು 2013ರ ಪಿಂಚಣಿ ನಿಧಿ ಪ್ರಾಧಿಕಾರ ಕಾಯ್ದೆಯ ವ್ಯಾಪ್ತಿಗೆ ಸೇರಿದ, ಆಯಾ ನೌಕರರ ಹೆಸರಿನಲ್ಲಿರುವ ಹಣ. ಹಳೆ ಪಿಂಚಣಿಗೆ ಮರಳಿದ ರಾಜ್ಯಗಳು ಅದನ್ನು ವಾಪಸು ಕೇಳಿದಾಗ ರಾಜ್ಯಗಳಿಗೆ ಮರಳಿಸಲು ಕಾಯ್ದೆಯಲ್ಲಿ ಅವಕಾಶವಿಲ್ಲವೆಂದೇ ಕೇಂದ್ರ ಉತ್ತರಿಸಿದೆ. 2006ರಲ್ಲಿ ಇಪ್ಪತ್ತೆರಡರ ಹರೆಯದಲ್ಲಿ ಸೇರಿದ ಕಾನ್‌ಸ್ಟೆಬಲ್ ನಿವೃತ್ತರಾಗುವುದು 2044ರಲ್ಲಿ. ಮೂವತ್ತರ ಅಂಚಿನಲ್ಲಿ ಸೇರಿದವರು 2036ರ ಸುಮಾರಿಗೇ ಹೊರಬರುತ್ತಾರೆ. ನಿರ್ಧಾರ ತಡವಾದಷ್ಟೂ ಆ ಖಾತೆಗಳಲ್ಲಿನ ಹಣ ಬೆಳೆಯುತ್ತದೆ, ಅದನ್ನು ಬಿಡಿಸಿಕೊಳ್ಳುವ ವ್ಯವಹಾರವೂ ಅಷ್ಟೇ ದೊಡ್ಡದಾಗುತ್ತದೆ.